ಹನ್ನೊಂದು ಹೆಸರು ಬರೆದರೆ ತಂಡವಾಯಿತೆ?

ಕರ್ನಾಟಕದ ಸಾರ್ವಕಾಲಿಕ ಶ್ರೇಷ್ಠ ಕ್ರಿಕೆಟ್ ತಂಡ ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಮೊನ್ನೆ ಭಾನುವಾರ ನಾನು ನಮ್ಮ ಕುಂದಾಣದ ಹೋಟೆಲೊಂದರ ಮೇಜಿನ ಮೇಲೆ ಕಂಡೆ. ಕಾಗದದ ಚೂರೊಂದರ ಮೇಲೆ ಹನ್ನೊಂದು ಹೆಸರು; ಗಾಳಿಗೆ ಹಾರದಿರಲೆಂದು ಅದರ ಮೇಲೆ ಚಟ್ನಿಯ ಬಟ್ಟಲು. ಸುತ್ತ ಕುಳಿತಿದ್ದ ಹುಡುಗರು ನಾಲ್ಕೈದು ಮಂದಿ. ಅವರಲ್ಲಿ ಇಬ್ಬರು ನನ್ನ ಬಳಿ ಕನ್ನಡ ಕಲಿತವರು. "ಮೇಷ್ಟ್ರೇ, ನೀವೇ ಹೇಳಿ, ಇದರಲ್ಲಿ ತಪ್ಪು ಏನಿದೆ?" ಎಂದು ಕೇಳಿದರು. ತಪ್ಪು ಏನಿದೆ ಎಂದು ಮೇಷ್ಟರನ್ನು ಕೇಳುವುದು ಅಪಾಯದ ಕೆಲಸ. ಅದರ ಫಲವೇ ಈ ಲೇಖನ.

ಪಟ್ಟಿಯನ್ನು ಮಾಡಿದ ಕ್ರಮ ಬಹಳ ಸುಲಭವಾದದ್ದು. ಕೈಯಲ್ಲಿ ಫೋನಿದೆ; ಅದರಲ್ಲಿ ಅಂಕಿಗಳಿವೆ. ಟೆಸ್ಟ್ ಪಂದ್ಯಗಳಲ್ಲಿ ಯಾರ ಓಟ ಹೆಚ್ಚು, ಯಾರ ವಿಕೆಟ್ ಹೆಚ್ಚು ಎಂದು ನೋಡಿ ಮೇಲಿನಿಂದ ಕೆಳಗೆ ಬರೆದುಕೊಂಡು ಬರುವುದು. 164 ಟೆಸ್ಟ್‌ಗಳಲ್ಲಿ 13,288 ಓಟ ಮಾಡಿದ ರಾಹುಲ್ ದ್ರಾವಿಡ್, 619 ವಿಕೆಟ್ ಪಡೆದ ಅನಿಲ್ ಕುಂಬ್ಳೆ, 236 ವಿಕೆಟ್ ಪಡೆದ ಜಾವಗಲ್ ಶ್ರೀನಾಥ್ – ಇವರು ಮೊದಲು. ಗುಂಡಪ್ಪ ವಿಶ್ವನಾಥರಿಗೆ ಹಿರಿಯರೆಂಬ ಮರ್ಯಾದೆಯ ಮೇಲೆ ಒಂದು ಸ್ಥಾನ. ಪ್ರಸನ್ನ? ಅವರದು ಬರೀ 189, ಆದ್ದರಿಂದ ಹೊರಗೆ. ವಿನಯ್ ಕುಮಾರ್? ಒಂದೇ ಟೆಸ್ಟ್ ಆಡಿದವರು, ಆ ಹೆಸರು ಬಂದಾಗ ನಕ್ಕರು. ವಿಜಯಕೃಷ್ಣ? ಯಾರು ಮೇಷ್ಟ್ರೇ ಅದು?

ಈ ಹುಡುಗರನ್ನು ನಾನು ದೂರುವುದಿಲ್ಲ. ಅವರಿಗಿಂತ ಬಲ್ಲವರು, ಮೀಸೆ ನರೆತವರು, ವರ್ಷಕ್ಕೆ ಎರಡು ಬಾರಿಯಾದರೂ ಇಂಥದೇ ಪಟ್ಟಿಗಳನ್ನು ಮಾಡಿ ಹಂಚುತ್ತಾರೆ. ಎಲ್ಲರ ಪಟ್ಟಿಯೂ ಹೆಚ್ಚು ಕಡಿಮೆ ಒಂದೇ. ನನ್ನ ತಕರಾರು ಒಂದೇ ಒಂದು. ಇದು ಕರ್ನಾಟಕದ ತಂಡವಲ್ಲ. ಭಾರತದ ತಂಡದಲ್ಲಿ ಆಡಿದ ಕರ್ನಾಟಕದವರ ಪಟ್ಟಿ. ಇವೆರಡೂ ಒಂದೇ ಎಂದು ಭಾವಿಸಿದಲ್ಲೇ ಎಡವಟ್ಟಾದದ್ದು.

ನಾನು ಕನ್ನಡದ ಅಧ್ಯಾಪಕ. ನನಗೆ ತಿಳಿದ ದಾರಿಯಲ್ಲಿ ಹೇಳುತ್ತೇನೆ. ಕನ್ನಡದಲ್ಲಿ 'ಕವಿಚಕ್ರವರ್ತಿ' ಎಂಬ ಬಿರುದು ಪಡೆದವರು ಮೂವರು: ಪೊನ್ನ, ರನ್ನ, ಜನ್ನ. ಅರಸರು ಕೊಟ್ಟ ಬಿರುದು, ಸಂದೇಹವಿಲ್ಲ. ಈ ಪಟ್ಟಿಯಲ್ಲಿ ಪಂಪನಿಲ್ಲ. ಹಾಗೆಂದು ಪಂಪನನ್ನು ಹೊರಗಿಟ್ಟು ಹಳಗನ್ನಡದ ತಂಡ ಕಟ್ಟುವ ಧೈರ್ಯ ಯಾರಿಗಿದೆ? ನಮ್ಮ ಕಾಲಕ್ಕೇ ಬನ್ನಿ. ಜ್ಞಾನಪೀಠ ಕನ್ನಡಕ್ಕೆ ಎಂಟು ಬಂದಿವೆ. 1967ರ ಸಾಲಿನ ಕುವೆಂಪು ಅವರಿಂದ 2010ರ ಸಾಲಿನ ಕಂಬಾರರವರೆಗೆ. ಆ ಎಂಟು ಮಂದಿಯೇ ಹೊಸಗನ್ನಡದ ಸಾರ್ವಕಾಲಿಕ ಶ್ರೇಷ್ಠರು ಎಂದು ನಾಳೆ ತರಗತಿಯಲ್ಲಿ ನಾನು ಹೇಳಿದರೆ, ಹಿಂದಿನ ಬೆಂಚಿನ ಹುಡುಗನೂ ಎದ್ದು ನಿಂತು, ಅಡಿಗರು ಎಲ್ಲಿ, ಪುತಿನ ಎಲ್ಲಿ, ಡಿ.ವಿ.ಜಿ. ಎಲ್ಲಿ, ತೇಜಸ್ವಿ ಎಲ್ಲಿ ಎಂದು ಕೇಳಬೇಕು. ದೆಹಲಿಯ ಸಮಿತಿಯೊಂದು ಯಾರಿಗೆ ಹಾರ ಹಾಕಿತು ಎಂಬುದು ಒಂದು ಮಾತು; ಕನ್ನಡದ ಮನೆಯ ತೊಲೆಯನ್ನು ಹೊತ್ತು ನಿಂತವರು ಯಾರು ಎಂಬುದು ಬೇರೆ ಮಾತು. ಸಾಹಿತ್ಯದಲ್ಲಿ ಇದು ನಮಗೆ ಕೂಡಲೇ ಹೊಳೆಯುತ್ತದೆ. ಕ್ರಿಕೆಟ್ಟಿನಲ್ಲಿ ಮಾತ್ರ ಏಕೆ ಹೊಳೆಯುವುದಿಲ್ಲ?

ಆದ್ದರಿಂದ ನನ್ನ ನಿಯಮ ಇದು: ಯಾವ ತಂಡದ ಹೆಸರಿನಲ್ಲಿ ಆಯ್ಕೆ ಮಾಡುತ್ತೀರೋ ಆ ತಂಡಕ್ಕಾಗಿ ಆಡಿದ ಆಟವೇ ಪ್ರಮಾಣ. ಮೈಸೂರಿಗಾಗಿ, 1973ರ ನಂತರ ಕರ್ನಾಟಕಕ್ಕಾಗಿ, ಏನು ಮಾಡಿದರು? ಗೆಲ್ಲಿಸಿದರೆ? ಸೋಲುವಾಗ ನಿಂತರೆ? ಭಾರತದ ಪರವಾಗಿ ಮಾಡಿದ್ದನ್ನು ಭಾರತದ ತಂಡ ಆಯುವ ದಿನ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಇನ್ನೊಂದು ಪಂಗಡದವರ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 'ಅಚ್ಚ ಕನ್ನಡಿಗರ ತಂಡ' ಬೇಕು ಎನ್ನುವವರಿದ್ದಾರೆ. ದ್ರಾವಿಡ್ ಹುಟ್ಟಿದ್ದು ಇಂದೂರಿನಲ್ಲಿ, ಕಿರ್ಮಾನಿ ಮದರಾಸಿನಲ್ಲಿ, ಬ್ರಿಜೇಶ್ ಪಟೇಲ್ ಬರೋಡದಲ್ಲಿ. ಭಾರತದ ಮೊಟ್ಟಮೊದಲ ಟೆಸ್ಟ್‌ನಲ್ಲಿ, 1932ರಲ್ಲಿ ಲಾರ್ಡ್ಸ್‌ನಲ್ಲಿ, ಆಡಿದ ಪಾಲಿಯಾ ಮುಂದೆ ಮೈಸೂರಿಗಾಗಿ ಆಡಿದ ಪಾರ್ಸಿ. ಇವರನ್ನೆಲ್ಲ ತೆಗೆದು ಅಚ್ಚತನವನ್ನು ಅಳೆಯಹೊರಟವರಿಗೆ ನಮ್ಮೂರಿನ ಕಥೆ ಹೇಳಬೇಕು. ಹೊಯ್ಸಳ ರಾಮನಾಥನ ಕುಂದಾಣಿ ನಮ್ಮ ಈ ಕುಂದಾಣವೇ ಎಂದವರು ಉಂಟು. ಅಲ್ಲ, ಹೊಸೂರು ಕೃಷ್ಣಗಿರಿಯ ಕಡೆಯದು ಎಂದವರೂ ಉಂಟು. ಆ ಹೊಯ್ಸಳನೋ ಹೆಚ್ಚಾಗಿ ತಮಿಳು ಸೀಮೆಯನ್ನು ಆಳಿದವನು. ಅವನು ಯಾವ ಭಾಷೆಯವನೆಂದು ಕೇಳುವುದೇ ತಮಾಷೆ. ಆಡಿದವನು ಆ ನೆಲದವನು, ಅಷ್ಟು ಸಾಕು.

ಸರಿ, ಈಗ ಈ ಪಟ್ಟಿಗಳ ದೊಡ್ಡ ಕುರುಡನ್ನು ನೋಡೋಣ. ಇವಕ್ಕೆ ದೂರದರ್ಶನ ಬರುವುದಕ್ಕೆ ಮುಂಚೆ ಲೋಕವೇ ಇರಲಿಲ್ಲ. ರಣಜಿ ಸ್ಪರ್ಧೆಯ ಮೊಟ್ಟಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಒಂದು ನಮ್ಮದು ಎಂಬುದು ಎಷ್ಟು ಮಂದಿಗೆ ಗೊತ್ತು? 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದರಾಸಿನ ಎದುರು ಮೈಸೂರು. ಮೈಸೂರು 48ಕ್ಕೆ ಮುಗಿಯಿತು, ಮದರಾಸು 130, ಮತ್ತೆ ಮೈಸೂರು 59. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಎಲ್ಲವೂ ಒಂದೇ ದಿನದಲ್ಲಿ! ಬೆಳಗ್ಗೆ ಹೋದವರು ಸಂಜೆಗೆ ಇನಿಂಗ್ಸ್ ಸೋಲನ್ನು ಕಟ್ಟಿಕೊಂಡು ಬಂದರು. ಹೆಮ್ಮೆಪಡುವ ಸಂಗತಿಯಲ್ಲ, ನಿಜ. ಆದರೆ ಮನೆಯ ಇತಿಹಾಸ ಪಾಯದಿಂದ ಶುರುವಾಗಬೇಕೇ ಹೊರತು ಬಣ್ಣ ಬಳಿದ ದಿನದಿಂದಲ್ಲ. ಅದೇ ಮೈಸೂರು 1941-42ರಲ್ಲಿ ಅಂತಿಮ ಪಂದ್ಯಕ್ಕೆ ಹೋಗಿ ಮುಂಬಯಿಗೆ ಸೋತಿತು. 1959-60ರಲ್ಲಿ ಇನ್ನೊಮ್ಮೆ ಹೋಗಿ ಇನ್ನೊಮ್ಮೆ ಮುಂಬಯಿಗೇ ಸೋತಿತು. ಆ ಸೋಲುಗಳ ನಡುವೆ ಬ್ಯಾಟನ್ನೂ ಚೆಂಡನ್ನೂ ಹಿಡಿದವರಲ್ಲಿ ಬಿ.ಕೆ. ಗರುಡಾಚಾರ್ ಒಬ್ಬರು, ಸುಮಾರು ನೂರು ವರ್ಷ ಬದುಕಿ 2016ರಲ್ಲಿ ತೀರಿಕೊಂಡರು. ಅವರ ಹೆಸರು ನಾನು ನೋಡಿದ ಯಾವ ಪಟ್ಟಿಯಲ್ಲೂ ಇಲ್ಲ, ಮೀಸಲು ಆಟಗಾರರ ಸಾಲಿನಲ್ಲಿಯೂ ಇಲ್ಲ.

ನಾನೂ ಅವರನ್ನು ಆಡುವಾಗ ಕಂಡವನಲ್ಲ. ನಲವತ್ತು ದಾಟಿದ ನನ್ನಂಥವನು ಕಣ್ಣಾರೆ ಕಂಡದ್ದು ಶ್ರೀನಾಥರಿಂದ ಈಚೆಗೆ. ಕಾಣದವರನ್ನು ಆಯ್ಕೆ ಮಾಡುವಾಗ ಕಂಡವರನ್ನು ಕೇಳಬೇಕು. ನಮ್ಮ ದೊಡ್ಡಪ್ಪ 1974ರ ಮಾರ್ಚಿನಲ್ಲಿ ಕುಂದಾಣದಿಂದ ದೇವನಹಳ್ಳಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಬೆಂಗಳೂರಿನಲ್ಲಿ ಮುಂಬಯಿ ಎದುರಿನ ಸೆಮಿಫೈನಲ್ ನೋಡಿದವರು. ಅದಕ್ಕೆ ಮುಂಚೆ ಹದಿನೈದು ವರ್ಷ ಸತತವಾಗಿ ರಣಜಿ ಪ್ರಶಸ್ತಿ ಮುಂಬಯಿಯ ಬೀರುವಿನಲ್ಲೇ ಇತ್ತು. ನಾಡಿಗೆ ಕರ್ನಾಟಕವೆಂದು ಹೆಸರಾಗಿ ಐದು ತಿಂಗಳೂ ಆಗಿರಲಿಲ್ಲ. ಮೊದಲು ಆಡಿದ ಕರ್ನಾಟಕಕ್ಕೆ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ ಎಸೆತವನ್ನು ದೊಡ್ಡಪ್ಪ ಇಂದಿಗೂ ನಿಂಬೆಹಣ್ಣು ಹಿಡಿದು ತೋರಿಸುತ್ತಾರೆ: ಮೇಲೆ ಹೋಯಿತು, ಅಲ್ಲೇ ಒಂದು ಗಳಿಗೆ ಯೋಚನೆ ಮಾಡಿತು, ಆಮೇಲೆ ಇಳಿಯಿತು. (ನಮ್ಮ ದೇವನಹಳ್ಳಿಯ ಚಕ್ಕೋತದಲ್ಲಿ ತೋರಿಸಲು ಒಮ್ಮೆ ಯತ್ನಿಸಿ ಅಂಗೈ ಉಳುಕಿಸಿಕೊಂಡಿದ್ದರು.) ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಕರ್ನಾಟಕ ಗೆದ್ದಿತು, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು. ನಾಯಕ ಪ್ರಸನ್ನ. 1977-78ರಲ್ಲಿ ಎರಡನೆಯ ಸಲ ತಂದಾಗಲೂ ನಾಯಕ ಪ್ರಸನ್ನ. ಎಂಜಿನಿಯರಿಂಗ್ ಓದಿಗಾಗಿ ಭಾರತ ತಂಡದಿಂದ ಐದು ವರ್ಷ ದೂರವಿದ್ದ ಈ ಮನುಷ್ಯನನ್ನು, 189 ಎಂಬ ಅಂಕಿ 236ಕ್ಕಿಂತ ಚಿಕ್ಕದೆಂದು ಕರ್ನಾಟಕದ ತಂಡದಿಂದ ಹೊರಹಾಕುತ್ತೀರಾ? ಅಂಕಿಯನ್ನು ಓದಲು ಬಂದರೆ ಸಾಲದು, ಅರ್ಥ ಹೇಳಲೂ ಬರಬೇಕು.

ಅಂಕಿಯ ವಿಷಯಕ್ಕೇ ಬಂದೆವಾದ್ದರಿಂದ ವಿಶ್ವನಾಥರ ಒಂದು ಮಾತು. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತ 190ಕ್ಕೆ ಕುಸಿಯಿತು; ಆಂಡಿ ರಾಬರ್ಟ್ಸ್‌ಗೆ ಏಳು ವಿಕೆಟ್. ಅದರಲ್ಲಿ ವಿಶ್ವನಾಥರದು ಔಟಾಗದೆ 97. ಫೋನಿನ ಶತಕಗಳ ಕಲಮಿನಲ್ಲಿ ಈ ಆಟಕ್ಕೆ ಸ್ಥಳವಿಲ್ಲ, ಮೂರು ಓಟ ಕಡಿಮೆ. 1980ರಲ್ಲಿ ಮುಂಬಯಿಯ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರರನ್ನು ನಾಯಕ ವಿಶ್ವನಾಥ್ ತಾವಾಗಿ ಮರಳಿ ಕರೆದರು, ಭಾರತ ಸೋತಿತು. ಅದು ಯಾವ ಕಲಮಿಗೆ ಸೇರುತ್ತದೆ? ಆದರೆ ನೋಡಿ, ನಾನೇ ನನ್ನ ನಿಯಮ ಮೀರಿ ಭಾರತದ ಆಟವನ್ನು ಎಳೆದು ತಂದೆ. ವಿಶ್ವನಾಥರ ಮಾತು ಬಂದಾಗ ಹೀಗಾಗುತ್ತದೆ. ನಿಯಮದೊಳಗೇ ಹೇಳುವುದಾದರೆ, ಭದ್ರಾವತಿಯ ಈ ಕುಳ್ಳ ಹುಡುಗ 1967ರಲ್ಲಿ ಮೈಸೂರಿಗಾಗಿ ಆಡಿದ ಮೊದಲ ಪಂದ್ಯದಲ್ಲೇ, ಆಂಧ್ರದ ಎದುರು, 230 ಹೊಡೆದವರು. ಆ ಒಂದು ಸ್ಥಾನಕ್ಕೆ ಚರ್ಚೆ ಬೇಡ.

ಈಗ ಟೆಸ್ಟ್ ಅಂಕಿಗಳೇ ಪ್ರಮಾಣವಾದರೆ ಯಾರು ಕಣ್ಮರೆಯಾಗುತ್ತಾರೆಂದು ನೋಡಿ. ಪುತ್ತೂರಿನ ರಘುರಾಮ ಭಟ್ ಆಡಿದ್ದು ಎರಡೇ ಟೆಸ್ಟ್. 1982ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅದೇ ಮುಂಬಯಿ ಎದುರಿನ ಸೆಮಿಫೈನಲ್. ಮೊದಲ ಇನಿಂಗ್ಸಿನಲ್ಲಿ ಅವರಿಗೆ ಹ್ಯಾಟ್ರಿಕ್ ಸಹಿತ ಎಂಟು ವಿಕೆಟ್. ಎರಡನೆಯ ಇನಿಂಗ್ಸಿನಲ್ಲಿ ಅವರ ಎಡಗೈ ಸ್ಪಿನ್ ಹೇಗೆ ತಿರುಗುತ್ತಿತ್ತೆಂದರೆ, ಸುನಿಲ್ ಗಾವಸ್ಕರ್ – ಹೌದು, ಅದೇ ಗಾವಸ್ಕರ್ – ಅವರನ್ನು ಎದುರಿಸಲು ಎಡಗೈ ದಾಂಡಿಗರಾಗಿ ನಿಂತರು. ಲೋಕದ ಶ್ರೇಷ್ಠ ಆರಂಭಿಕ ಆಟಗಾರನನ್ನು ಕೈ ಬದಲಿಸುವಂತೆ ಮಾಡಿದ ಬೌಲರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು? ಅದೇ ಋತುವಿನ ಅಂತಿಮ ಪಂದ್ಯದಲ್ಲಿ ಕರ್ನಾಟಕ 705 ಓಟ ಮಾಡಿಯೂ ದೆಹಲಿಗೆ ಸೋತಿತು. ಅವರು ಎಂಟು ವಿಕೆಟ್‌ಗೆ 707 ಮಾಡಿದರು. ದೊಡ್ಡಪ್ಪ ಆ ಪಂದ್ಯದ ಮಾತನ್ನು ಆಡಗೊಡುವುದಿಲ್ಲ.

ವಿಜಯಕೃಷ್ಣರಿಗೆ ಒಂದು ಟೆಸ್ಟ್ ಕೂಡ ಸಿಗಲಿಲ್ಲ. ಎಡಗೈ ಸ್ಪಿನ್ ಹಾಕುತ್ತಿದ್ದರು, ಕೆಳಗಿನ ಕ್ರಮಾಂಕದಲ್ಲಿ ಬಂದು ಹೊಡೆಯುತ್ತಿದ್ದರು. ಬೇದಿ ಇದ್ದ ಕಾಲದಲ್ಲಿ ಎಡಗೈ ಸ್ಪಿನ್ನರಾಗಿ ಹುಟ್ಟಿದ್ದು ಅವರ ಗ್ರಹಚಾರ. ಒಂದು ಕಡೆ ಪ್ರಸನ್ನ, ಇನ್ನೊಂದು ಕಡೆ ಚಂದ್ರಶೇಖರ್. ಇಬ್ಬರ ಹೊಳಪಿನ ನಡುವೆ ಮೂರನೆಯವನಾಗಿ ದುಡಿಯುವುದು ಎಂಥ ಕೆಲಸವೆಂದು ಮನೆಯ ನಡುವಣ ಮಗನಾಗಿ ಹುಟ್ಟಿದವರಿಗೆ ಗೊತ್ತು. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಗಮನಿಸಲಿಲ್ಲ.

ಮತ್ತೆ ದಾವಣಗೆರೆಯ ವಿನಯ್ ಕುಮಾರ್. 2012ರಲ್ಲಿ ಪರ್ತ್‌ನಲ್ಲಿ ಒಂದು ಟೆಸ್ಟ್, ಒಂದು ವಿಕೆಟ್. ಅಷ್ಟಕ್ಕೆ ಜನ ನಕ್ಕು ಮುಗಿಸಿದರು. 2013-14 ಮತ್ತು 2014-15, ಎರಡು ವರ್ಷ ಒಂದರ ಮೇಲೊಂದು ಕರ್ನಾಟಕಕ್ಕೆ ರಣಜಿ ತಂದುಕೊಟ್ಟ ನಾಯಕ ಅವರು. ಎರಡನೆಯ ಅಂತಿಮ ಪಂದ್ಯದಲ್ಲಿ ತಮಿಳುನಾಡನ್ನು 134ಕ್ಕೆ ಕೆಡವುವಾಗ ಐದು ವಿಕೆಟ್ ಪಡೆದು, ಆಮೇಲೆ ಬ್ಯಾಟ್ ಹಿಡಿದು ಔಟಾಗದೆ 105 ಮಾಡಿದರು. ಅದೇ ಪಂದ್ಯದಲ್ಲಿ ಕರುಣ್ ನಾಯರ್ 328 ಹೊಡೆದದ್ದರಿಂದ ಎಲ್ಲರೂ ಅದನ್ನೇ ನೆನೆಯುತ್ತಾರೆ. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿ ಎದುರು ಹ್ಯಾಟ್ರಿಕ್. 2021ರಲ್ಲಿ ನಿವೃತ್ತರಾದಾಗ ರಣಜಿ ಇತಿಹಾಸದಲ್ಲೇ ಅವರಷ್ಟು ವಿಕೆಟ್ ಪಡೆದ ವೇಗದ ಬೌಲರ್ ಇನ್ನೊಬ್ಬರಿರಲಿಲ್ಲ. ಇವರನ್ನು ಬಿಟ್ಟು ಕರ್ನಾಟಕದ ತಂಡ ಕಟ್ಟುವುದೆಂದರೆ, ಉಪ್ಪು ಹಾಕದೆ ಮುದ್ದೆ ಊಟದ ಸಾರು ಮಾಡಿ, ಬೆಳ್ಳಿಯ ಬಟ್ಟಲಲ್ಲಿ ಬಡಿಸಿದ ಹಾಗೆ.

ಇದು ಬರೀ ಪಟ್ಟಿಯ ಮಾತಾಗಿದ್ದರೆ ನಾನು ಇಷ್ಟು ಬಿಸಿಯಾಗುತ್ತಿರಲಿಲ್ಲ. ನಮ್ಮೂರಿನ ಕೆರೆಯಂಗಳದಲ್ಲಿ ಬೇಸಿಗೆಯಲ್ಲಿ ಆಡುವ ಹುಡುಗರಿದ್ದಾರೆ. ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದರೆ ಐ.ಪಿ.ಎಲ್. ತಂಡಗಳ ಹೆಸರು ಹೇಳುತ್ತಾರೆ. ಕರ್ನಾಟಕಕ್ಕೆ ಆಡುತ್ತೇನೆ ಎಂದವನನ್ನು ನಾನು ಕಂಡಿಲ್ಲ. 2008ರಿಂದೀಚೆಗೆ ರಾಜ್ಯದ ತಂಡ ಒಂದು ಬಸ್ ಸ್ಟಾಪಿನಂತಾಗಿದೆ. ಅಲ್ಲಿ ಇಳಿಯುವವರಿಲ್ಲ, ಬಸ್ಸು ಬದಲಿಸುವವರೇ ಎಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಣಜಿ ಪಂದ್ಯ ನಡೆಯುವ ದಿನ ಒಮ್ಮೆ ಹೋಗಿ ನೋಡಿ: ಬಾಗಿಲು ತೆರೆದಿದೆ, ಒಳಗೆ ಕಾಗೆಗಳು ಕೂತಿರುತ್ತವೆ. 'ಕರ್ನಾಟಕದ ಶ್ರೇಷ್ಠರು' ಎಂದು ಬರೆಯುವಾಗಲೂ ಕರ್ನಾಟಕಕ್ಕೆ ಆಡಿದ್ದನ್ನು ಎಣಿಸುವುದಿಲ್ಲವೆಂದಾದರೆ, ಆ ಹುಡುಗರಿಗೆ ನಾವು ಹೇಳುತ್ತಿರುವುದೇನು? ಊರಿಗೆ ಮಾಡಿದ ಕೆಲಸ ಲೆಕ್ಕಕ್ಕಿಲ್ಲ, ಮಗು, ಊರು ಬಿಟ್ಟ ಮೇಲೆ ಮಾಡಿದ್ದಷ್ಟೇ ಲೆಕ್ಕ.

ಹಾಗಾದರೆ ನಿಮ್ಮ ತಂಡ ಯಾವುದು ಎಂದು ಹುಡುಗರು ಬಿಡಲಿಲ್ಲ. ಬಿಡಬಾರದು ಕೂಡ, ಟೀಕೆ ಮಾಡಿದವನು ಕೃತಿಯನ್ನೂ ತೋರಿಸಬೇಕು.

ಆರಂಭಕ್ಕೆ ರೋಜರ್ ಬಿನ್ನಿ. ಅವರೂ ಸಂಜಯ್ ದೇಸಾಯಿಯವರೂ 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಎದುರು ಒಂದು ವಿಕೆಟ್ಟೂ ಬೀಳದೆ 451 ಓಟ ಕೂಡಿಸಿದರು. ಚೆಂಡನ್ನೂ ಹೊಸದಿರುವಾಗಲೇ ಬಿನ್ನಿಯವರ ಕೈಗೆ ಕೊಡಬಹುದು. ಜೊತೆಗೆ ಕೆ.ಎಲ್. ರಾಹುಲ್, 2015ರಲ್ಲಿ ಉತ್ತರ ಪ್ರದೇಶದ ಎದುರು 337 ಹೊಡೆದು ಕರ್ನಾಟಕದ ಮೊದಲ ತ್ರಿಶತಕ ಮಾಡಿದವರು. ಈ ಸ್ಥಾನದಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ಆರಂಭಿಕರಲ್ಲಿ ನಾವು ಎಂದೂ ಅಷ್ಟು ಶ್ರೀಮಂತರಲ್ಲ. ಮೂರಕ್ಕೆ ದ್ರಾವಿಡ್, ನಾಲ್ಕಕ್ಕೆ ವಿಶ್ವನಾಥ್, ಐದಕ್ಕೆ ಬ್ರಿಜೇಶ್ ಪಟೇಲ್. 1982-83ರಲ್ಲಿ ಮುಂಬಯಿಗೇ ಹೋಗಿ ಮುಂಬಯಿಯಿಂದ ಟ್ರೋಫಿ ತಂದ ನಾಯಕ ಬ್ರಿಜೇಶರು. ಗೂಟರಕ್ಷಕ ಕಿರ್ಮಾನಿ. ಮೂಲ್ಕಿಯ ಕುಂದರನ್ ಬ್ಯಾಟಿನಲ್ಲಿ ಹೆಚ್ಚು ಬಿರುಸು, ಆದರೆ ಚಂದ್ರಶೇಖರರ ಚೆಂಡು ಎತ್ತ ಹೋಗುವುದೆಂದು ಚಂದ್ರಶೇಖರರಿಗೇ ಗೊತ್ತಿರದಿದ್ದ ದಿನಗಳಲ್ಲಿ ಅದನ್ನು ಹಿಡಿದವರು ಕಿರ್ಮಾನಿ. ಏಳಕ್ಕೆ ವಿಜಯಕೃಷ್ಣ. ಆಮೇಲೆ ಕುಂಬ್ಳೆ, ವಿನಯ್ ಕುಮಾರ್, ಪ್ರಸನ್ನ, ಚಂದ್ರಶೇಖರ್. ನಾಯಕ ಪ್ರಸನ್ನ. ಹನ್ನೆರಡನೆಯವರು ರಘುರಾಮ ಭಟ್. ಗಾವಸ್ಕರ್ ಎದುರು ತಂಡದಲ್ಲಿದ್ದರೆ ಮಾತ್ರ ಹನ್ನೊಂದರೊಳಗೆ.

ಇಷ್ಟು ಹೇಳಿ ಮುಗಿಸುವಾಗ ಮೇಜಿನ ಸುತ್ತ ಮೌನ. ಶ್ರೀನಾಥ್ ಇಲ್ಲ.

ಗೊತ್ತು. ಈ ಲೇಖನ ಅಚ್ಚಾದ ಮೇಲೆ ಹಾಸನ, ಮೈಸೂರುಗಳಿಂದ ಬರುವ ಪತ್ರಗಳೂ ಗೊತ್ತು. ಕುಂದಾಣದ ಕೆರೆಯಂಗಳದಲ್ಲಿ ಹದಿಮೂರು ವರ್ಷದವನಾಗಿ ನಾನು ಹಾಕುತ್ತಿದ್ದ ಓಟ ಶ್ರೀನಾಥರ ಓಟ. ಟೆನಿಸ್ ಚೆಂಡು ಎತ್ತ ಹೋದರೂ ಮಣಿಕಟ್ಟು ಅವರಂತೆಯೇ ತಿರುಗಬೇಕಿತ್ತು. ಅವರಿಗಿಂತ ವೇಗವಾಗಿ, ಅವರಿಗಿಂತ ಚೆನ್ನಾಗಿ ಚೆಂಡು ಹಾಕಿದವರು ಈ ನಾಡಿನಲ್ಲಿ ಇಲ್ಲ. ಅವರ ಬೇಸಿಗೆ ಮಳೆಗಾಲಗಳನ್ನೆಲ್ಲ ಭಾರತ ತಿಂದುಹಾಕಿತು. ಅದು ಅವರ ತಪ್ಪಲ್ಲ. ಕುಂಬ್ಳೆಯವರ ವಿಷಯವೂ ಹಾಗೇ ಅಲ್ಲವೆ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕುಂಬ್ಳೆಯವರ ಸ್ಥಾನಕ್ಕೆ ಕರ್ನಾಟಕದಲ್ಲಿ ಅವರಿಗಿಂತ ಹೆಚ್ಚು ದುಡಿದ ಇನ್ನೊಬ್ಬರಿದ್ದರೆ, ಗದಗಿನ ಸುನಿಲ್ ಜೋಶಿಯವರೇ ಇರಬೇಕು. ಅವರನ್ನು ಹಾಕಿ ಎಂದರೆ ನಾನು ಬಹಳ ಜಗಳವಾಡಲಾರೆ. ಶ್ರೀನಾಥರ ಸ್ಥಾನಕ್ಕೆ ಮಾತ್ರ ಅಂಥವರೊಬ್ಬರು ನಿಶ್ಚಯವಾಗಿಯೂ ಇದ್ದಾರೆ. ನಿಯಮ ಮಾಡಿದ ಮೇಲೆ ಪ್ರೀತಿಸಿದವನ ಕಾಲಿಗೇ ಅದು ಮೊದಲು ತಾಗಿದರೆ, ತಾಗಲಿ.

ಇನ್ನೊಂದು ಹೆಸರು ಮೇಜಿನ ಮೇಲೆ ಬರಲೇ ಇಲ್ಲ, ನಾನೂ ಆಗ ನೆನೆಯಲಿಲ್ಲ. ಮನೆಗೆ ಬಂದ ಮೇಲೆ ಮಗಳು ಕೇಳಿದಳು. 1976ರಲ್ಲಿ ಭಾರತದ ಮಹಿಳಾ ತಂಡಕ್ಕೆ ಟೆಸ್ಟ್‌ನಲ್ಲಿ ಮೊದಲ ನಾಯಕಿಯಾದ ಶಾಂತಾ ರಂಗಸ್ವಾಮಿ ಕರ್ನಾಟಕದವರಲ್ಲವೆ ಎಂದು. ಸಾರ್ವಕಾಲಿಕ ಎಂದು ಅಷ್ಟು ಹೊತ್ತು ಹೇಳುತ್ತಿದ್ದವನು ನಾನು. ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಪಟ್ಟಿಯನ್ನು ಸಂಜೆ ದೊಡ್ಡಪ್ಪನವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ಕೇಳಿ ರಾಹುಲ್ ಹೆಸರಿನ ಮೇಲೆ ಗೆರೆ ಎಳೆದು, ವಿ. ಸುಬ್ರಹ್ಮಣ್ಯ ಎಂದು ಬರೆದರು. "ಅವರು ಆರಂಭಿಕರಲ್ಲ, ದೊಡ್ಡಪ್ಪ" ಎಂದೆ. "ಇರಲಿ ಬಿಡೋ, ಆಡ್ತಾರೆ" ಎಂದರು.